ಆಟದ ಮೇಜಿನ ಫೋನನ್ನು ಮರಳಿ ಇಡಿ

ಮಾನ್ಯ ಕ್ರೀಡಾ ನಿರ್ದೇಶಕರೇ,

ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಟಗಳ ರೇಡಿಯೊ ಪ್ರಸಾರವನ್ನು ನೀವು ಮೂರು ವರ್ಷದ ಹಿಂದೆ ನಿಲ್ಲಿಸಿದಿರಿ. ಅಂಕಣದ ಪಕ್ಕದ ಮೇಜಿನ ಮೇಲಿದ್ದ ಫೋನನ್ನೂ ತೆಗೆಸಿದಿರಿ. ಇವೆರಡನ್ನೂ ಮಾರ್ಚ್ ಬರುವುದರೊಳಗೆ ಮರಳಿ ತರಬೇಕೆಂದು ಕೇಳಲು ಈ ಪತ್ರ. ಖಾಸಗಿಯಾಗಿ ಎರಡು ಸಲ ಬರೆದಿದ್ದೆ. ಎರಡು ಸಲವೂ ‘ನಿಮ್ಮ ಅಭಿಮಾನಕ್ಕೆ ಧನ್ಯವಾದಗಳು’ ಎಂಬ ಅದೇ ಉತ್ತರ, ಎರಡನೇ ಸಾಲಿನ ಅದೇ ಅಚ್ಚಿನ ತಪ್ಪಿನೊಂದಿಗೆ ಬಂತು. ಹಾಗಾಗಿ ಈ ವಾರಪತ್ರಿಕೆಯ ಮೊರೆಹೋಗಿದ್ದೇನೆ. ಸಿಟ್ಟಿನಲ್ಲಿ ಬರೆದ ಪತ್ರ ಎಂದು ನಿಮಗನ್ನಿಸಬಹುದು. ಸಿಟ್ಟು ಹೋದ ವರ್ಷವೇ ತೀರಿತು, ಈಗ ಉಳಿದಿರುವುದು ಭಯ.

ಮೊದಲು ನಿಮ್ಮ ಮಾತನ್ನೇ ತೆಗೆದುಕೊಳ್ಳೋಣ. ‘ಸ್ಥಳೀಯ ಅಭಿಮಾನಿಗಳ ಆಸಕ್ತಿ ಸತತವಾಗಿ ಕುಗ್ಗುತ್ತಿರುವ ಹಿನ್ನೆಲೆಯಲ್ಲಿ’ ಪ್ರಸಾರವನ್ನು ಚಂದಾದಾರರ ಆ್ಯಪ್‌ಗೆ ವರ್ಗಾಯಿಸಲಾಗಿದೆ, ಮುಂದಿನ ವರ್ಷದಿಂದ ಬಾಲ್ಕನಿಯನ್ನೂ ಮುಚ್ಚಲಾಗುವುದು ಎಂದು ಜನವರಿಯ ನಿಮ್ಮ ಪ್ರಕಟಣೆ ಹೇಳುತ್ತದೆ. ನಾನು ಈ ಊರಿನ ದಿನಪತ್ರಿಕೆಯಲ್ಲಿ, ಅದು ಇನ್ನೂ ದಿನಪತ್ರಿಕೆಯಾಗಿದ್ದಾಗ, ಮೂವತ್ತೊಂದು ವರ್ಷ ಕರಡು ತಿದ್ದಿದವಳು. ಅಂಕಪಟ್ಟಿಯ ಕೆಳಗೆ ಪ್ರೇಕ್ಷಕರ ಸಂಖ್ಯೆ ಅಚ್ಚಾಗುತ್ತಿತ್ತು, ಅದನ್ನೂ ಪರಿಶೀಲಿಸುತ್ತಿದ್ದೆ. ಹನ್ನೊಂದು ವರ್ಷದ ಹಿಂದೆ ಒಂದು ಆಟಕ್ಕೆ ಸರಾಸರಿ 2,140 ಜನ ಬರುತ್ತಿದ್ದರು. ರೇಡಿಯೊ ಇದ್ದ ಕೊನೆಯ ವರ್ಷ 1,480. ಈ ವರ್ಷ 540. ಅಂದರೆ ರೇಡಿಯೊ ಇದ್ದ ಎಂಟು ವರ್ಷದಲ್ಲಿ 660 ಜನ ಕಡಿಮೆಯಾದರು, ರೇಡಿಯೊ ಹೋದ ಮೂರು ವರ್ಷದಲ್ಲಿ 940 ಜನ. ಕಾಲು ಕುಂಟುತ್ತಿದೆ ಎಂದು ಊರುಗೋಲನ್ನು ಕಿತ್ತುಕೊಂಡು, ಬಿದ್ದ ಮೇಲೆ ‘ನೋಡಿ, ನಡೆಯಲು ಇವರಿಗೆ ಆಸಕ್ತಿಯೇ ಇಲ್ಲ’ ಎಂದರೆ ಹೇಗೆ?

ಎಲ್ಲ ತಪ್ಪನ್ನೂ ನಿಮ್ಮ ತಲೆಗೆ ಕಟ್ಟುವುದಿಲ್ಲ. ಆಟಗಾರರು ಈಗ ವರ್ಷಕ್ಕೊಮ್ಮೆ ಕಾಲೇಜು ಬದಲಿಸುತ್ತಾರೆ. ನವೆಂಬರ್‌ನಲ್ಲಿ ಹೆಸರು ಕಲಿತರೆ ಏಪ್ರಿಲ್‌ನಲ್ಲಿ ಆ ಹುಡುಗ ಇನ್ನೊಂದು ರಾಜ್ಯದಲ್ಲಿರುತ್ತಾನೆ. ಅದಕ್ಕೆ ನೀವು ಕಾರಣರಲ್ಲ. ಆದರೆ ಹೊಸ ಹುಡುಗರನ್ನು ನಮ್ಮವರನ್ನಾಗಿ ಮಾಡಿಕೊಡುತ್ತಿದ್ದ ಒಬ್ಬ ಮನುಷ್ಯ ಇದ್ದರು. ಅವರನ್ನು ಮನೆಗೆ ಕಳುಹಿಸಿದವರು ನೀವು.

ವರ್ಲಿನ್ ಹ್ಯೂಸ್ಟಿಸ್ ಮೂವತ್ತೆಂಟು ವರ್ಷ ನಮ್ಮ ಆಟಗಳನ್ನು ರೇಡಿಯೊದಲ್ಲಿ ಹೇಳಿದರು. ಭಾರಿ ಮಾತುಗಾರರೇನಲ್ಲ. ಎದುರಾಳಿ ಒಳ್ಳೆಯ ಚೆಂಡು ಹಾಕಿದರೆ ‘ಅದು ನನಗಿಷ್ಟವಾಗ್ಲಿಲ್ಲ, ಆದ್ರೆ ಚೆನ್ನಾಗಿತ್ತು’ ಎನ್ನುತ್ತಿದ್ದರು. ಅವರ ಮೇಜಿನ ಮೇಲೆ ಬಗ್ಗಡದ ಬಣ್ಣದ ಒಂದು ಫೋನ್ ಇತ್ತು. ಅದರ ನಂಬರು ಈ ಜಿಲ್ಲೆಯ ಪ್ರತಿ ಅಡುಗೆಮನೆಯ ಗೋಡೆಯಲ್ಲೂ ಇತ್ತು. ತೊರೆಯ ನೀರು ರಸ್ತೆಗೆ ಬಂದರೆ, ಸೇತುವೆಯ ಮೇಲೆ ಮಂಜುಗಡ್ಡೆ ಕಟ್ಟಿದರೆ, ಯಾರದಾದರೂ ದನಗಳು ಹೆದ್ದಾರಿಗೆ ಇಳಿದಿದ್ದರೆ, ಜನ ಆ ನಂಬರಿಗೆ ಫೋನ್ ಮಾಡುತ್ತಿದ್ದರು. ಫ್ರೀ ಥ್ರೋ ನಡೆಯುವಾಗ ಫೋನ್ ರಿಂಗಾದರೆ ಎರಡು ಸಾವಿರ ಜನ ಸುಮ್ಮನಾಗುತ್ತಿದ್ದರು, ಎಸೆಯುವ ಹುಡುಗ ಚೆಂಡು ಹಿಡಿದು ಕಾಯುತ್ತಿದ್ದ. ವರ್ಲಿನ್ ರಿಸೀವರನ್ನು ಕಿವಿಗಿಟ್ಟು, ಕೇಳಿ, ಇನ್ನೊಂದು ಕೈಯಲ್ಲಿ ಮೈಕು ಹಿಡಿದು ಹೇಳುತ್ತಿದ್ದರು: ‘ಆಟ ನಿಲ್ಸಿದೀನಿ. ಬೆಕ್‌ವಿತ್ ರಸ್ತೆಯೋರು ಆ ಕಡೆ ಬರ್ಬೇಡಿ, ಸುತ್ತಿ ಬನ್ನಿ. ಆಟ ಎಲ್ಲಿಗೂ ಓಡಿಹೋಗಲ್ಲ.’

ಅವರು ನಿಲ್ಲಿಸುತ್ತಿದ್ದದ್ದು ಅಂಕಣದ ಆಟವನ್ನಲ್ಲ. ಅದು ರೆಫರಿಯ ಕೆಲಸ. ಅವರು ನಿಲ್ಲಿಸುತ್ತಿದ್ದದ್ದು ರೇಡಿಯೊದ ಆಟವನ್ನು. ಆದರೆ ರೇಡಿಯೊ ಕೇಳುವವರಿಗೆ ಎರಡೂ ಒಂದೇ. ವರ್ಲಿನ್ ಆಟ ನಿಲ್ಲಿಸಿದರೆ ಎದ್ದು ಓಡಬೇಕು, ನಿಲ್ಲಿಸದಿದ್ದರೆ ಕೂತು ಕೇಳಬಹುದು. ಮೂವತ್ತೆಂಟು ವರ್ಷ ನಾವು ಕಲಿತದ್ದು ಇಷ್ಟೇ. ಈ ಪಾಠದ ಎರಡನೇ ಅರ್ಧ ಎಷ್ಟು ಅಪಾಯದ್ದು ಎಂದು ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಕಳೆದ ಮಾರ್ಚ್‌ನ ಮೊದಲ ಶನಿವಾರ. ಮಧ್ಯಾಹ್ನ ಎರಡಕ್ಕೆ ನಮ್ಮದೇ ಅಂಕಣದಲ್ಲಿ ಆಟ. ಬಾಲ್ಕನಿಯ ಹದಿನಾಲ್ಕನೇ ಸಾಲಿನಲ್ಲಿ ನಾನು, ನನ್ನ ಪಕ್ಕದಲ್ಲಿ ವರ್ಲಿನ್. ಮೈಕು ಇಲ್ಲ, ಮಡಿಲಲ್ಲಿ ಪಾಪ್‌ಕಾರ್ನ್. ಎರಡು ನಲವತ್ತನಾಲ್ಕಕ್ಕೆ ಎಲ್ಲರ ಮೊಬೈಲುಗಳೂ ಒಟ್ಟಿಗೆ ಕಿರುಚಿದವು: ಸುಂಟರಗಾಳಿಯ ಎಚ್ಚರಿಕೆ. ನಿಮ್ಮ ಸಿಬ್ಬಂದಿ ಐದು ನಿಮಿಷದಲ್ಲಿ ಎಲ್ಲರನ್ನೂ ಕೆಳಗಿನ ಕಾರಿಡಾರಿಗೆ ಇಳಿಸಿದರು. ಅಚ್ಚುಕಟ್ಟಾಗಿ ಮಾಡಿದರು. ಇದನ್ನು ನಾನು ಎಲ್ಲರಿಗೂ ಹೇಳಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ.

ನನ್ನ ಅಕ್ಕ ಅರ್ಲೀಟಾ ಊರಿಂದ ಏಳು ಮೈಲಿ ಪಶ್ಚಿಮಕ್ಕೆ, ಪ್ರೂಯಿಟ್ ಕ್ರಾಸಿಂಗ್‌ನಲ್ಲಿ, ತಗಡಿನ ಟ್ರೇಲರ್ ಮನೆಯಲ್ಲಿರುತ್ತಾಳೆ. ವಯಸ್ಸು ಎಪ್ಪತ್ನಾಲ್ಕು. ನೋಟದ ನಡುಭಾಗ ಅವಳಿಗೆ ಕಾಣಿಸುವುದಿಲ್ಲ, ಅಂಚು ಮಾತ್ರ ಕಾಣಿಸುತ್ತದೆ. ನಿಮ್ಮ ಆ್ಯಪ್ ಅವಳಿಗೆ ಗಾಜಿನ ಬಿಲ್ಲೆ. ಹತ್ತಿರದ ಸೈರನ್ ನಾಲ್ಕು ಮೈಲಿ ದೂರ, ಗಾಳಿ ಆಚೆಗೆ ಬೀಸಿದರೆ ಕೇಳದು. ಮನೆಯಿಂದ ಇನ್ನೂರು ಗಜದಲ್ಲಿ ಚರ್ಚು, ಅದಕ್ಕೆ ಒಳ್ಳೆಯ ನೆಲಮಾಳಿಗೆ. ಎರಡು ನಲವತ್ತೊಂಬತ್ತಕ್ಕೆ ಕಾರಿಡಾರಿನಿಂದ ಅವಳಿಗೆ ಫೋನ್ ಮಾಡಿದೆ.

‘ಎಲ್ಲಿದೀಯ?’

‘ಅಡುಗೆಮನೇಲಿ. ಇನ್ನೆಲ್ಲಿರ್ತೀನಿ. ಆಲೂಗಡ್ಡೆ ಸುಲೀತಿದೀನಿ.’

‘ಸುಂಟರಗಾಳಿ ಬರ್ತಿದೆ ಕಣೇ. ಚರ್ಚಿಗೆ ಹೋಗು.’

‘ಆ ಯಂತ್ರ ಕೂಗ್ತು, ಕೇಳಿಸ್ಕೊಂಡೆ. ಹದಿನೈದು ದಿನದಲ್ಲಿ ಇದು ಮೂರನೇ ಸಲ. ಹಿಂದಿನ ಎರಡು ಸಲ ಬಿಸಿಲಿತ್ತು. ಕೂಗಿ ಸುಮ್ಮನಾಯ್ತು, ಮತ್ತೆ ಆಟ ಶುರುವಾಯ್ತು. ಏನಾದ್ರೂ ಇದ್ದಿದ್ರೆ ಆಟ ನಿಲ್ತಿತ್ತು.’

‘ಅದು ಇಲ್ಲಿಯ ಆಟ ಅಲ್ಲ. ನೂರೈವತ್ತು ಮೈಲಿ ಆಚೆ ಇರೋ ಆಟ.’

‘ನೀನು ಚಿಕ್ಕೋಳಾಗಿದ್ದಾಗ್ಲೂ ಹಿಂಗೇ, ಬೆಕ್ಕು ಸೀನಿದ್ರೆ ಮಂಚದ ಕೆಳಗೆ ಹೋಗ್ತಿದ್ದೆ.’

ಇಲ್ಲಿ ಒಂದು ವಿಷಯ ತಿಳಿಸಬೇಕು. ನಮ್ಮ ಆಟ ಹೋದ ಮೇಲೆ ಆ ರೇಡಿಯೊ ಕೇಂದ್ರದಲ್ಲಿ ಶನಿವಾರ ಭಾನುವಾರ ಯಾರೂ ಇರುವುದಿಲ್ಲ. ಬಾಗಿಲಿಗೆ ಬೀಗ. ಬೇರೆ ಊರಿನ ಕಂಪ್ಯೂಟರು ದೊಡ್ಡ ವಿಶ್ವವಿದ್ಯಾಲಯವೊಂದರ ಆಟವನ್ನು ಹಾಕುತ್ತದೆ. ಸರ್ಕಾರದ ಎಚ್ಚರಿಕೆ ಬಂದರೆ ಯಂತ್ರ ನಲವತ್ತು ಸೆಕೆಂಡು ಕೂಗಿ, ಜಿಲ್ಲೆಯ ಹೆಸರು ಹೇಳಿ, ಆಟವನ್ನು ವಾಪಸು ಬಿಡುತ್ತದೆ. ಜಿಲ್ಲೆ ಮೂವತ್ತನಾಲ್ಕು ಮೈಲಿ ಉದ್ದ. ಯಾವ ರಸ್ತೆ, ಯಾವ ಸೇತುವೆ ಎಂದು ಯಂತ್ರಕ್ಕೆ ಯಾರು ಹೇಳಬೇಕು?

ವರ್ಲಿನ್ ಕೈ ಚಾಚಿ ನನ್ನ ಮೊಬೈಲು ತೆಗೆದುಕೊಂಡರು. ಗಂಟಲು ಸರಿಮಾಡಿಕೊಂಡರು. ‘ಅರ್ಲೀಟಾ, ನಾನು ವರ್ಲಿನ್. ಆಟ ನಿಲ್ಸಿದೀನಿ. ಪ್ರೂಯಿಟ್ ಕ್ರಾಸಿಂಗ್‌ನೋರು ನೆಲಮಾಳಿಗೆಗೆ ಇಳೀರಿ. ಈಗಲೇ.’

ಆ ಕಡೆ ಕುರ್ಚಿ ಸರಿದ ಸದ್ದು ನನಗೂ ಕೇಳಿಸಿತು. ‘ಆಯ್ತು ವರ್ಲಿನ್,’ ಎಂದಳು ಅಕ್ಕ. ತಂಗಿ ಕೂಗಿದ್ದಕ್ಕೆ ಏಳದವಳು ಅವರ ಒಂದು ಮಾತಿಗೆ ಎದ್ದಳು.

ಪಕ್ಕದ ಟ್ರೇಲರಿನಲ್ಲಿ ಓಪಲ್ ರೈಸಿಂಗ್ ಇದ್ದರು. ಎಂಬತ್ತೊಂದು ವರ್ಷ. ಅಕ್ಕ ಅವರ ಬಾಗಿಲು ಬಡಿದಳು. ಮುಂದಿನದು ಅಕ್ಕ ನನಗೆ ಹಲವು ಸಲ ಹೇಳಿದ್ದು, ಪ್ರತಿ ಸಲವೂ ಒಂದೇ ಮಾತುಗಳಲ್ಲಿ.

‘ಬಾ ಓಪಲ್, ವರ್ಲಿನ್ ಹೇಳ್ದ.’

‘ನನ್ನ ರೇಡಿಯೊದಲ್ಲಿ ಹೇಳ್ಲಿಲ್ವಲ್ಲೇ. ಕೇಳು, ಆಟ ನಡೀತಾನೇ ಇದೆ.’

‘ಫೋನಲ್ಲಿ ಹೇಳ್ದ.’

‘ಅವನು ಯಾವಾಗಿಂದ ಮನೆಮನೆಗೆ ಫೋನ್ ಮಾಡೋಕೆ ಶುರುಮಾಡ್ದ? ಸರಿ, ನೀನು ನಡೀತಿರು, ನಿಂಗೆ ಕಣ್ಣು ಕಾಣಲ್ಲ, ಹೊತ್ತಾಗತ್ತೆ. ನಾನು ಬೂಟು ಹಾಕ್ಕೊಂಡು ಬರ್ತೀನಿ.’

ಅದೇ ಹೊತ್ತಿಗೆ ಮೆಕ್ಕೆಜೋಳದ ಗೋದಾಮಿನಲ್ಲಿ ಕೆಲಸ ಮಾಡುವ ಡ್ವೇನ್ ಕೋಲ್ಬ್ ಸುಂಟರಗಾಳಿಯನ್ನು ಕಣ್ಣಾರೆ ಕಂಡ. ತೊರೆಯ ಆಚೆ, ನೆಲಕ್ಕೆ ತಾಗಿಕೊಂಡು ಬರುತ್ತಿತ್ತು. ಫೋನ್ ಮಾಡಿದ. ಯಾರಿಗೆ? ಆಟದ ಮೇಜಿಗೆ. ಆಸ್ಪತ್ರೆಯಲ್ಲಿ, ಸೊಂಟದ ಮೂಳೆ ಮುರಿದು ಮಲಗಿದ್ದಾಗ ಅವನೇ ಹೇಳಿದ: ‘ಪೊಲೀಸರಿಗೆ ಮೊದಲು ಮಾಡ್ಬೇಕಿತ್ತು, ಗೊತ್ತು. ಆದ್ರೆ ಕೈ ಹಳೇ ನಂಬರನ್ನೇ ಒತ್ತಿತು. ಹದಿನೈದು ವರ್ಷದಿಂದ ಮರ ಬಿದ್ರೂ ಅದಕ್ಕೇ ಮಾಡಿದ್ದು. ಒಂದು ಹೆಂಗಸಿನ ದನಿ ಬಂತು. ನೇರ ಪ್ರಸಾರದ ಚಂದಾಕ್ಕೆ ಒಂದನ್ನು ಒತ್ತಿ ಅಂತು. ಒತ್ತಿದೆ.’

‘ಯಾಕೋ ಒತ್ತಿದೆ?’ ಎಂದೆ.

‘ಮನುಷ್ಯರು ಯಾರಾದ್ರೂ ಸಿಗ್ತಾರೇನೋ ಅಂತ.’

ಎರಡು ಐವತ್ತಾರಕ್ಕೆ ಸುಂಟರಗಾಳಿ ಪ್ರೂಯಿಟ್ ಕ್ರಾಸಿಂಗನ್ನು ದಾಟಿತು. ಹನ್ನೊಂದು ಮನೆಗಳಲ್ಲಿ ಏಳು ಹೋದವು, ಅಕ್ಕನದೂ ಸೇರಿ. ಅಕ್ಕ ನೆಲಮಾಳಿಗೆಯಲ್ಲಿದ್ದಳು, ಕೈಯಲ್ಲಿ ಆಲೂಗಡ್ಡೆಯ ಚಾಕು ಹಾಗೇ ಇತ್ತು. ಓಪಲ್ ರೈಸಿಂಗ್ ಅವರು ಮರುದಿನ ಬೆಳಿಗ್ಗೆ ಸೋಯಾ ಹೊಲದಲ್ಲಿ ಸಿಕ್ಕರು. ಒಂದು ಕಾಲಿನಲ್ಲಿ ಬೂಟು ಇತ್ತು.

ಅವರನ್ನು ನೀವು ಕೊಂದಿರಿ ಎಂದು ನಾನು ಬರೆಯುವುದಿಲ್ಲ. ಕೊಂದದ್ದು ಗಾಳಿ. ಅವರು ಆಗ ಏನು ಕೇಳುತ್ತಿದ್ದರು ಎಂಬುದನ್ನಷ್ಟೇ ಬರೆಯುತ್ತೇನೆ. ವರ್ಲಿನ್ ಅವರ ಬಳಿ ಇದ್ದದ್ದು ಒಂದು ಮೊಬೈಲು, ಅದೂ ನನ್ನದು. ಅದರಲ್ಲಿ ಅವರು ಒಬ್ಬಳನ್ನು ಎಬ್ಬಿಸಿದರು. ಅವರಿಗೆ ಮೈಕು ಇದ್ದಿದ್ದರೆ ಎಷ್ಟು ಕುರ್ಚಿಗಳು ಸರಿಯುತ್ತಿದ್ದವು?

ನಿಮ್ಮ ಕಚೇರಿಯವರು ಹೇಳುವುದು ನನಗೆ ಗೊತ್ತು: ಹವಾಮಾನದ ಎಚ್ಚರಿಕೆ ಕ್ರೀಡಾ ವಿಭಾಗದ ಹೊಣೆಯಲ್ಲ. ಒಪ್ಪುತ್ತೇನೆ. ಅದಕ್ಕೆ ಸರ್ಕಾರವಿದೆ, ಯಂತ್ರವಿದೆ. ಆದರೆ ಜನ ಯಂತ್ರದ ಮಾತಿಗೆ ಏಳುವುದಿಲ್ಲ, ನಂಬಿದವರ ಮಾತಿಗೆ ಏಳುತ್ತಾರೆ. ನಂಬಿಕೆ ಎಲ್ಲಿಂದ ಬರಬೇಕು? ಸೋತ ಆಟಗಳಿಂದ ಬರುತ್ತದೆ. ಹದಿನೇಳು ಅಂಕ ಹಿಂದಿದ್ದಾಗಲೂ ಸುಳ್ಳು ಉತ್ಸಾಹ ತೋರದೆ ‘ಇವತ್ತು ನಮ್ಮ ದಿನ ಅಲ್ಲ’ ಎನ್ನುವುದರಿಂದ ಬರುತ್ತದೆ. ಐನೂರು ಶನಿವಾರ ಆಟದ ವಿಷಯದಲ್ಲಿ ನಿಜ ಹೇಳಿದ ದನಿ ಒಂದು ಶನಿವಾರ ‘ಓಡಿ’ ಎಂದರೆ ಜನ ಓಡುತ್ತಾರೆ. ಅದನ್ನು ನೀವು ಕುಗ್ಗುತ್ತಿರುವ ಆಸಕ್ತಿಯ ಬಾಬ್ತಿನಲ್ಲಿ ಸೇರಿಸಿ ಹೊಡೆದುಹಾಕಿದಿರಿ.

ಅಕ್ಕನಿಗೆ ಅದೇ ಜಾಗದಲ್ಲಿ ಹೊಸ ಟ್ರೇಲರ್ ಬಂದಿದೆ. ನನ್ನ ಮನೆಗೆ ಬಾ ಎಂದೆ. ‘ನಿನ್ನ ಮನೇಲಿ ನಾನು ಎಷ್ಟು ಹೆಜ್ಜೆಗೆ ಬಚ್ಚಲು ಅಂತ ಮತ್ತೆ ಎಣಿಸಕ್ಕಾಗಲ್ಲ,’ ಎಂದಳು. ಶನಿವಾರ ಈಗಲೂ ರೇಡಿಯೊ ಹಾಕುತ್ತಾಳೆ, ಅದೇ ಕೇಂದ್ರ. ಒಂದೇ ವ್ಯತ್ಯಾಸ. ಮೊದಲು ಆಟ ನಡೆಯುತ್ತಿದ್ದರೆ ಅವಳಿಗೆ ನೆಮ್ಮದಿ. ಈಗ ಆಟ ನಡೆಯುತ್ತಿರುವಷ್ಟು ಹೊತ್ತೂ ಅವಳು ಬೂಟು ಹಾಕಿಕೊಂಡು, ಲೇಸು ಕಟ್ಟಿಕೊಂಡು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರುತ್ತಾಳೆ. ಹಾಗಿದ್ದರೆ ಆರಿಸಿಬಿಡು ಎಂದೆ. ‘ಆರಿಸಿದ ಮೇಲೆ ನಿಲ್ಸಿದ್ರೆ?’ ಎಂದಳು. ಆ ಮಾರ್ಚ್‌ನಿಂದ ಪಶ್ಚಿಮದಲ್ಲಿ ಮೋಡ ಕಂಡರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅಕ್ಕನಿಗೆ ಫೋನ್ ಮಾಡುತ್ತೇನೆ. ಕಿಟಕಿಯಾಚೆ ನೋಡುತ್ತಲೇ ಬರೆದ ಈ ಪತ್ರದ ಮೊದಲ ಪ್ರತಿಯನ್ನು ಓದಲಾಗದೆ ಎರಡನೇ ಸಲ ಬರೆದೆ. ಕರಡು ತಿದ್ದುವವಳ ಅಕ್ಷರ ಹಾಗಾಗಬಾರದು.

ಕಳೆದ ಸೋಮವಾರ ಆ ನಂಬರಿಗೆ ನಾನೂ ಫೋನ್ ಮಾಡಿದೆ. ಅದೇ ಹೆಂಗಸಿನ ದನಿ. ಹನ್ನೊಂದು ತಿಂಗಳಾದರೂ ಆ ಮಾತನ್ನು ಬದಲಿಸುವಷ್ಟು ಪುರಸೊತ್ತು ನಿಮ್ಮ ಕಚೇರಿಗೆ ಸಿಕ್ಕಿಲ್ಲ. ನಾನೂ ಒಂದನ್ನು ಒತ್ತಿದೆ. ಹೆಸರು, ವಿಳಾಸ, ಕಾರ್ಡಿನ ಸಂಖ್ಯೆ ಕೇಳಿತು.

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ಅಂಕಣದಲ್ಲಿ ನಡೆಯುವ ಆಟಗಳನ್ನು ಎಲ್ಲರಿಗೂ ಕೇಳುವ ರೇಡಿಯೊದಲ್ಲಿ ಮತ್ತೆ ಹೇಳಿಸಿ. ರೇಡಿಯೊ ಕೇಂದ್ರದವರು ಸಮಯ ಕೊಡಲು ಸಿದ್ಧರಿದ್ದಾರೆ, ಕೇಳಿ ಬಂದಿದ್ದೇನೆ. ಮೇಜಿನ ಮೇಲೆ ಫೋನ್ ಇಡಿ, ಎತ್ತಲು ಒಬ್ಬರನ್ನು ಕೂರಿಸಿ. ಅದು ವರ್ಲಿನ್ ಅವರೇ ಆಗಬೇಕೆಂದೇನಿಲ್ಲ. ಅವರಿಗೆ ಎಪ್ಪತ್ತೊಂಬತ್ತು, ಬಾಲ್ಕನಿಯ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಸುಧಾರಿಸಿಕೊಳ್ಳುತ್ತಾರೆ. ಆದರೆ ಹೊಸ ದನಿಯನ್ನು ನಮ್ಮ ಜನ ನಂಬಲು ವರ್ಷಗಳು ಬೇಕು. ಅವರು ಪಕ್ಕದಲ್ಲಿ ಕೂತು ‘ಇವನು ನಮ್ಮವನೇ’ ಎಂದು ಹೇಳಬಲ್ಲ ಕಾಲ ಇನ್ನೆಷ್ಟಿದೆಯೋ. ಇದನ್ನೆಲ್ಲ ಮಾಡಲಾಗದಿದ್ದರೆ ಕನಿಷ್ಠ ಆ ಹೆಂಗಸಿನ ದನಿಯನ್ನಾದರೂ ತೆಗೆಸಿ. ‘ಇಲ್ಲಿ ಯಾರೂ ಇಲ್ಲ, ಪೊಲೀಸರಿಗೆ ಫೋನ್ ಮಾಡಿ’ ಎಂದು ಹೇಳಿಸಿ. ಅದು ನಿಜವೂ ಹೌದು.

ಈ ಋತುವಿನ ಕೊನೆಯ ಆಟ ಮಾರ್ಚ್‌ನ ಮೊದಲ ಶನಿವಾರ, ಮಧ್ಯಾಹ್ನ ಎರಡಕ್ಕೆ. ನಲವತ್ತಾರು ವರ್ಷದಲ್ಲಿ ನಾನು ತಪ್ಪಿಸಿದ್ದು ಮೂರೇ ಆಟ, ಎರಡು ಹೆರಿಗೆ, ಒಂದು ಅಂತ್ಯಕ್ರಿಯೆ. ಅಷ್ಟರೊಳಗೆ ಮೇಜಿಗೆ ಫೋನ್ ಬರದಿದ್ದರೆ ಆ ಶನಿವಾರ ನಾನು ಪ್ರೂಯಿಟ್ ಕ್ರಾಸಿಂಗ್‌ನಲ್ಲಿ ಅಕ್ಕನ ಬಾಗಿಲಲ್ಲಿ, ಪಶ್ಚಿಮಕ್ಕೆ ಮುಖಮಾಡಿ, ಬೂಟು ಹಾಕಿಕೊಂಡು ನಿಂತಿರುತ್ತೇನೆ. ಒಳಗೆ ನಮ್ಮದಲ್ಲದ ಆಟ ನಡೆಯುತ್ತಿರುತ್ತದೆ. ಅದನ್ನು ನಿಲ್ಲಿಸುವವಳು ನಾನೇ. ಅಂದಿನ ಪ್ರೇಕ್ಷಕರ ಸಂಖ್ಯೆಯಲ್ಲಿ ಒಬ್ಬಳು ಕಡಿಮೆ ಬಂದರೆ, ದಯವಿಟ್ಟು ಅದನ್ನು ‘ಆಸಕ್ತಿ ಕುಗ್ಗಿದೆ’ ಎಂದು ಬರೆದುಕೊಳ್ಳಬೇಡಿ.

ಇಂತಿ,
ಹೆದರಿಕೊಂಡೇ ಆಟ ಕೇಳುವ,
ಲೊರೀನ್ ಟೆಬ್
ಬಾಲ್ಕನಿ, ಹದಿನಾಲ್ಕನೇ ಸಾಲು, ಏಳನೇ ಕುರ್ಚಿ (ನೀವು ಮುಚ್ಚುವವರೆಗೆ)