ಒಂದು ಹಿಡಿ ಕೊಸರು

ಮಸ್ಕಿ, ೧೧-೨-೨೦೨೫, ಮಂಗಳವಾರ

ತಂಗಿ ಪಂಪಾವತಿ, ನಿನ್ನ ಮಂಡಿನೋವು ಹೇಗಿದೆ? ಅಳಿಯ ಹುಲಿಗೇಶನ ಕೆಮ್ಮು ನಿಂತಿತೇ? ಕಾಗದಕ್ಕೆ ಇಳಿಸುವ ಮೊದಲು ಈ ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಇವತ್ತು ನನ್ನ ಅಂಗಡಿಯಲ್ಲಿ ಚುರುಮುರಿ ಮಂಡಾಳಿನ ಬೆಲೆಯನ್ನು ಸೇರಿಗೆ ಎರಡು ರೂಪಾಯಿ ಇಳಿಸಿ, ಅಳೆದ ಮೇಲೆ ಸುಮ್ಮನೆ ಹಾಕುವ ಕೊಸರನ್ನು ನಿಲ್ಲಿಸಿದೆ. ಆ ಒಂದು ಹಿಡಿ ಒಂದು ರೂಪಾಯಿಯದೂ ಅಲ್ಲ. ಅಗ್ಗವಾದರೆ ಜನ ಮುಗಿಬೀಳುತ್ತಾರೆ ಎಂದುಕೊಂಡಿದ್ದೆ.

ಇಪ್ಪತ್ತು ವರ್ಷದ ಗಿರಾಕಿ ಕರೆಮ್ಮ ಚೀಲ ಹಿಡಿದೇ ನಿಂತಳು. "ಕೊಸರೆಲ್ಲೈತ್ರಿ ಕಾಕಾ?"

"ರೇಟು ಇಳಿಸೀನಲ್ಲವ್ವಾ!"

"ನಿಮ್ಮ ರೇಟು ಯಾರು ಕೇಳ್ಯಾರ್ರೀ? ಬರೇ ಅಳತಿ ಒಯ್ಯಾಕ ನಾನೇನು ಗುರ್ತಿಲ್ಲದಾಕಿ ಏನ್ರೀ?"

ಮಂಡಾಳು ವಾಪಸು ಸುರುವಿ, ಕೊಸರು ಹಾಕುವ ಎದುರಿನ ಅಂಗಡಿಯಲ್ಲಿ ಎರಡು ರೂಪಾಯಿ ಹೆಚ್ಚು ಕೊಟ್ಟು ಕೊಂಡಳು. ಅವಳ ಹಿಂದೆ ಇನ್ನೂ ಏಳು ಜನ! ನನ್ನ ಲಾಭವೂ ಹೋಯಿತು, ಗಿರಾಕಿಗಳೂ ಹೋದರು.

ನಾಳೆ ಹಳೆಯ ಬೆಲೆಯೇ, ಕೊಸರೂ ಉಂಟು. ನೀನೂ ಗುರುಗುಂಟಾದಲ್ಲಿ ಅಂಗಡಿ ಇಟ್ಟವಳು. ಮುನಿಸಿಕೊಂಡವಳು ತಿರುಗಿ ಬಂದರೆ ಒಂದು ಹಿಡಿ ಸಾಕೋ, ಎರಡು ಹಾಕಲೋ? ಬೇಗ ಬರೆ.