ಶನಿವಾರದ ಕಬ್ಬಿಣ

ಬೆಟಗೇರಿ,
ಮಂಗಳವಾರ, ೧೦-೨-೧೯೮೧

ಪ್ರೀತಿಯ ತಮ್ಮ ಪುಂಡಲೀಕಪ್ಪನಿಗೆ,

ನಿನ್ನ ಅಕ್ಕ ಅಮೃತವ್ವ ಬರೆಯುವುದು. ಮೊದಲು ನಿನ್ನ ಮೈ ಹೇಗಿದೆ ಹೇಳು. ಗುಂತಕಲ್ಲಿನ ನೀರು ನಿನಗೆ ಒಗ್ಗಿಲ್ಲ, ಬಿಸಿಲು ಏರುವ ಮೊದಲೇ ಮೂಗಿನಲ್ಲಿ ರಕ್ತ ಬರುತ್ತದೆ ಎಂದು ನಮ್ಮ ಓಣಿಯ ಯಮನೂರಪ್ಪ ಹೇಳಿದ. ಸಣ್ಣವನಿದ್ದಾಗಲೂ ನಿನಗೆ ಹಾಗೆಯೇ ಆಗುತ್ತಿತ್ತು. ಉಳ್ಳಾಗಡ್ಡಿ ಜಜ್ಜಿ ಮೂಸಿಸಿ, ಅಂಗಾಲಿಗೆ ಔಡಲೆಣ್ಣೆ ಹಚ್ಚಿ ಮಲಗಿಸುತ್ತಿದ್ದೆ. ಹಾಗೆ ಮಾಡಲು ರಾಮವ್ವನಿಗೆ ಹೇಳು, ಅವಳಿಗೆ ನನ್ನ ಆಶೀರ್ವಾದವನ್ನೂ ಹೇಳು. ನನ್ನದೇನು, ಐವತ್ತು ತುಂಬಿತು, ಮೊಣಕಾಲು ಹಿಡಿದುಕೊಂಡಿದೆ, ಅದು ಬಿಟ್ಟರೆ ನಮ್ಮ ದೇವರು ಹನುಮಪ್ಪ ಮೈಗೆ ಏನೂ ಕಡಿಮೆ ಮಾಡಿಲ್ಲ. ಸೊಸೆ ಮುತ್ತವ್ವನಿಗೆ ಏಳು ತಿಂಗಳು. ನಿನಗೆ ಹಿಂದೆ ಹಾಕಿದ ಕಾಗದಗಳಿಗೆ ಉತ್ತರ ಬರಲಿಲ್ಲ, ಅದಕ್ಕೆ ನಾನು ಸಿಟ್ಟಾಗಿಲ್ಲ. ಆದರೆ ಇದೊಂದನ್ನು ಮಡಿಚಿ ಗೋಡೆಯ ಮಾಡದಲ್ಲಿ ಇಡಬೇಡ. ಪೂರ್ತಿ ಓದು. ಯಮನೂರಪ್ಪನ ಕೆಲಸ ಗುಂತಕಲ್ ಗಾಡಿಯ ಮೇಲೆಯೇ ಇರುವುದರಿಂದ ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ತಂತಿ ಹೊಡೆಸಬಹುದಿತ್ತು, ಆದರೆ ತಂತಿಯಲ್ಲಿ "ಬಾ" ಎಂದಷ್ಟೇ ಬರೆದರೆ ನೀನು ಬರುವವನಲ್ಲ, ನಿನ್ನನ್ನು ಎತ್ತಿ ಆಡಿಸಿದವಳಿಗೆ ಅಷ್ಟು ಗೊತ್ತಿದೆ.

ನಿನ್ನ ಅಳಿಯ, ನನ್ನ ಮಗ ಮೈಲಾರಪ್ಪ ಭಾನುವಾರ ಬೆಳಗಿನಿಂದ ರೈಲು ಪೊಲೀಸರ ಲಾಕಪ್ಪಿನಲ್ಲಿದ್ದಾನೆ. ರೈಲಿನ ಕಬ್ಬಿಣ ಕದ್ದ ಎಂದು ಹಿಡಿದಿದ್ದಾರೆ. ಅವನು ರೈಲಿನದು ಏನೂ ಕದ್ದಿಲ್ಲ ತಮ್ಮಾ. ಆ ಕಬ್ಬಿಣ ನಿನ್ನದು. ಹರ್ತಿಯ ಹೊಲದಲ್ಲಿ ನಿನ್ನ ಪಾಲಿಗೂ ನನ್ನ ಪಾಲಿಗೂ ನಡುವೆ ನೀನು ನಿಲ್ಲಿಸಿದೆಯಲ್ಲ, ಆ ಬೇಲಿ.

ಅಪ್ಪ ಸಾಯುವಾಗ ಗಂಡ ಸತ್ತ ಮಗಳು ಯಾರ ಬಾಗಿಲಿಗೂ ಹೋಗಬಾರದು ಎಂದು ಬದುವಿನಾಚೆಯ ಪಟ್ಟಿಯನ್ನು ನನ್ನ ಹೆಸರಿಗೆ ಮಾಡಿದ. ನಿನಗೆ ಅದು ಸೇರಲಿಲ್ಲ. ರೈಲಿನವರು ಗದಗಿನಲ್ಲಿ ಹಳೆಯ ಹಳಿಯ ತುಂಡುಗಳನ್ನು ಹರಾಜು ಹಾಕಿದಾಗ ನೀನು ಕೂಗಿ ಕೊಂಡು, ಅವನ್ನೇ ಕಂಬ ಮಾಡಿ, ಮುಳ್ಳುತಂತಿ ಎಳೆದು, "ಈ ತಂತಿ ಇರೂತನಕ ನಿಂದು ಅತ್ತಾಗ, ನಂದು ಇತ್ತಾಗ, ಮಾತೂ ಅಷ್ಟ" ಎಂದು ಹೇಳಿ ಹೋದೆ. ಆಮೇಲೆ ನಿನಗೆ ರೈಲಿನ ನೌಕರಿಯಲ್ಲಿ ಗುಂತಕಲ್ಲಿಗೆ ವರ್ಗವಾಯಿತು, ನಿನ್ನ ಪಾಲು ಬೀಳು ಬಿತ್ತು. ಎರೆ ಹೊಲ ನಿನಗೆ ಗೊತ್ತಿರುವುದೇ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಯಾವ ಕಂಬವನ್ನೂ ನೆಟ್ಟಗೆ ಉಳಿಸುವುದಿಲ್ಲ. ನಿನ್ನ ಕಂಬಗಳು ಕುಡಿದವರ ಹಾಗೆ ಒಂದರ ಮೇಲೊಂದು ವಾಲಿದವು. ತಂತಿ ಹುಲ್ಲಿನಲ್ಲಿ ಮುಚ್ಚಿಹೋಗಿ, ಕಳೆದ ಹಿಂಗಾರಿ ಬಿತ್ತನೆಯಲ್ಲಿ ನಮ್ಮ ಕೆಂದೆತ್ತಿನ ಗೊರಸಿಗೆ ಸುತ್ತಿಕೊಂಡು ಎಲುಬು ಕಾಣುವ ಹಾಗೆ ಕೊಯ್ದಿತು. ಆ ಎತ್ತು ಇಂದಿಗೂ ಕುಂಟುತ್ತದೆ. ಸ್ಟೇಷನ್ನಿಗೆ ಅರಳೆ ತುಂಬಿದ ಅಂಡಿಗೆ ಹೇರುವ ಚಕ್ಕಡಿಯೇ ನಮ್ಮ ಅನ್ನ. ಕುಂಟೆತ್ತು ಒಂದು ಕಡೆ, ಸವೆದು ಕಳಚುವ ಗಾಲಿಪಟ್ಟಿ ಇನ್ನೊಂದು ಕಡೆ. ಅದಕ್ಕೆ ಗುಜರಿ ಅಂಗಡಿಯ ಲಾಡಸಾಬ ಮೈಲಾರಪ್ಪನಿಗೆ ಒಂದು ದಾರಿ ತೋರಿಸಿದ. ಹಳೆಯ ಕಬ್ಬಿಣ ತಂದು ಹಾಕು, ಬದಲಿಗೆ ನಿನ್ನ ಗಾಲಿಗಳಿಗೆ ಗಟ್ಟಿ ಪಟ್ಟಿ ಕಟ್ಟಿಸಿಕೊಡುತ್ತೇನೆ ಎಂದ. ಹೊಲದಲ್ಲಿ ಬಿದ್ದು ಎತ್ತಿನ ಕಾಲು ಕೊಯ್ಯುವ ಕಬ್ಬಿಣ ಗಾಲಿಗೆ ಬಂದರೆ ಸಾಕಲ್ಲ ಎಂದು ಇವನು ಕುಣಿದಾಡಿದ.

ನಾನು ಸುಮ್ಮನಿರಲಿಲ್ಲ. ಮಾವನಿಗೆ ಒಂದು ಮಾತು ಕೇಳು ಎಂದೆ. "ಮಾತ ಬಿಟ್ಟವ್ರನ್ನ ಹ್ಯಾಂಗ ಕೇಳೂದಬೇ? ಬೇಲಿ ಬಿದ್ದೈತಿ ಅಂದ್ರ ಮಾತ ಸುರು ಆತು ಅಂತ ತಿಳ್ಕೊ" ಎಂದು ನಕ್ಕ. ನಾನೂ ನಕ್ಕೆ. ಸುಳ್ಳೇಕೆ ಹೇಳಲಿ, ಬೇಲಿ ಹೋಗುತ್ತದೆ ಎಂದು ಒಳಗೊಳಗೆ ಸಂತೋಷವೇ ಆಯಿತು.

ಶನಿವಾರ ಅವನು ಹರ್ತಿಗೆ ಹೋಗಿ, ಕಂಬ ಕಿತ್ತು, ತಂತಿ ಸುತ್ತಿ, ಚಕ್ಕಡಿಯಲ್ಲಿ ಹೇರಿಕೊಂಡು ದೀಪ ಹಚ್ಚುವ ಹೊತ್ತಿಗೆ ಬೆಟಗೇರಿಗೆ ಬಂದ. ಲಾಡಸಾಬ ಮದುವೆಗೆಂದು ಶಿರಹಟ್ಟಿಗೆ ಹೋಗಿದ್ದ, ಅಂಗಡಿಗೆ ಬೀಗ. ಇವನು ನೇರವಾಗಿ ಮನೆಗೆ ಹೊಡೆದುಕೊಂಡು ಬಂದ. ನಾನು ಶನಿವಾರದ ಉಪವಾಸದವಳು, ಹನುಮಪ್ಪನಿಗೆ ಎಣ್ಣೆ ಹಾಕಿ ಆಗಷ್ಟೇ ಬಂದಿದ್ದೆ. ಅಂಗಳದ ಬಾಯಲ್ಲಿ ಕೈ ಅಡ್ಡ ಹಿಡಿದು ನಿಂತೆ. ಶನಿವಾರ ಹೊರಗಿನ ಕಬ್ಬಿಣ ಮನೆಗೆ ಬರಬಾರದು ಎಂದು ನಮ್ಮ ಅವ್ವ ನಡೆಸಿಕೊಂಡು ಬಂದದ್ದು ನಿನಗೆ ನೆನಪಿದೆ. ನನ್ನ ಗಂಡನೂ ಶನಿವಾರದ ಸಂತೆಯಲ್ಲಿ ಒಂದು ಕುಡುಗೋಲು ಕೊಂಡವನಲ್ಲ. "ಅವ್ವಾ, ಚಕ್ಕಡಿ ಗಾಲಿಗೂ ಕಬ್ಬಿಣ ಐತಿ, ನೊಗದ ಗೂಟಕ್ಕೂ ಐತಿ. ಅವನ್ನೂ ಬಿಚ್ಚಿ ಒಗೀಲೇನ?" ಎಂದ. ಅದು ಮನೆಯದು, ಇದು ಹೊರಗಿನದು ಎಂದೆ. "ಹೊರಗಿಂದಲ್ಲಬೇ, ಮಾವಂದು. ಶನಿದೇವ್ರಿಗೆ ಬ್ಯಾರೆ ಉದ್ಯೋಗ ಇಲ್ಲೇನ, ನಮ್ಮ ಚಕ್ಕಡಿ ಕಾಯ್ಕೊಂತ ಕುಂತಾನ?" ಎಂದ. ಮುತ್ತವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಬಸುರಿ ಇದ್ದೀಯ, ಇಂಥದ್ದಕ್ಕೆ ನಗಬೇಡ ಎಂದು ಅವಳನ್ನೂ ಗದರಿಸಿದೆ. ಕಡೆಗೆ ಅವನು ಸೋತು, ರಸ್ತೆಯಾಚೆ ಗೂಡ್ಸ್ ಶೆಡ್ಡಿನ ಗೋಡೆಗೆ ಹತ್ತಿದ ಬಯಲಿನಲ್ಲಿ ಕಬ್ಬಿಣವನ್ನೆಲ್ಲ ಇಳಿಸಿ, ಬರಿ ಚಕ್ಕಡಿಯನ್ನು ಒಳಗೆ ತಂದ. ರೈಲಿನವರ ಗೋಡೆಯ ಬುಡದಲ್ಲಿ ರೈಲಿನ ಅಕ್ಷರ ಒತ್ತಿದ ಹಳಿ ತುಂಡುಗಳು! ಅದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಮ್ಮ ಕಣ್ಣಿಗೆ ಅದು ಬೇಲಿ.

ಭಾನುವಾರ ಬೆಳಗ್ಗೆ ಬಿಸಿಲು ಬೀಳುವಾಗ ಅವನು ಮತ್ತೆ ಹೇರಲು ಹೋದ. ಕಾವಲಿನ ಪೊಲೀಸರು ಅಲ್ಲೇ ಹಿಡಿದರು. ಓಣಿಯವರು ಕೂಗಿದ್ದು ಕೇಳಿ ನಾನು ಒಲೆ ಬಿಟ್ಟು ಓಡಿದೆ. ಅಷ್ಟರಲ್ಲಿ ಅವನನ್ನು ಕರೆದುಕೊಂಡು ಹೋಗಿದ್ದರು, ಎತ್ತುಗಳು ನೊಗ ಹೊತ್ತುಕೊಂಡೇ ನಿಂತಿದ್ದವು.

ಠಾಣೆಯ ಇನ್ಸ್‌ಪೆಕ್ಟರ್ ಕೆಟ್ಟ ಮನುಷ್ಯನಲ್ಲ. ನನ್ನನ್ನು ಬೆಂಚಿನ ಮೇಲೆ ಕೂಡಿಸಿ ಕೇಳಿದರು. ಇದು ಯಾರದು? ನನ್ನ ತಮ್ಮನದು, ರೈಲಿನಲ್ಲೇ ಕೆಲಸಕ್ಕಿದ್ದಾನೆ, ಹರಾಜಿನಲ್ಲಿ ಕೊಂಡದ್ದು ಎಂದೆ. ಅವರ ಮುಖ ಸ್ವಲ್ಪ ಸಡಿಲಾಯಿತು. "ಹಂಗಾರ ಆತು ಬಿಡ್ರಿ. ತಮ್ಮ ಇವಂಗ ಕೊಟ್ಟಾನ, ಹೌದಿಲ್ರಿ?" ಎಂದರು. ಹೌದು ಎನ್ನಲು ನನಗೆ ನಾಲಗೆ ಹೊರಳಲಿಲ್ಲ ಪುಂಡಲೀಕಾ. ಕೊರಳಲ್ಲಿ ಹನುಮಪ್ಪನ ತಾಯಿತ, ಹಣೆಯಲ್ಲಿ ಅವನ ಸಿಂಧೂರ. "ಇಲ್ರಿ ಸಾಹೇಬ್ರ, ಅವಂಗ ಕೇಳೇ ಇಲ್ಲ" ಎಂದುಬಿಟ್ಟೆ. ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಹಾಗಾದರೆ ರೈಲಿನದಾದರೂ ಕಳವು, ತಮ್ಮನದಾದರೂ ಕಳವು ಎಂದರು. ಸರಳಿನ ಹಿಂದೆ ನಿಂತಿದ್ದ ಮೈಲಾರಪ್ಪ ಅದನ್ನು ಕೇಳಿದ. ಅವನು ಕೂಗಾಡಲಿಲ್ಲ. "ಯವ್ವಾ, ನಿನ್ನ ದೇವರಿಗೆ ನಾ ಬ್ಯಾಡಾದ್ನೇನ?" ಎಂದಷ್ಟೇ ಕೇಳಿದ. ಅಂದಿನಿಂದ ನಾನು ಬುತ್ತಿ ಒಯ್ದರೆ ತೆಗೆದುಕೊಳ್ಳುತ್ತಾನೆ, ನನ್ನ ಮುಖ ನೋಡುವುದಿಲ್ಲ.

ಸುದ್ದಿ ಕೇಳಿ ಲಾಡಸಾಬ ಮದುವೆ ಊಟ ಬಿಟ್ಟು ಶಿರಹಟ್ಟಿಯಿಂದ ಓಡಿಬಂದ. ಆ ಹರಾಜಿನಲ್ಲಿ ತಾನೂ ಕೂಗಿದ್ದೆ, ಪುಂಡಲೀಕಪ್ಪ ತನಗಿಂತ ಹೆಚ್ಚು ಕೂಗಿ ಕೊಂಡ, ಆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ ಎಂದು ಇನ್ಸ್‌ಪೆಕ್ಟರ್ ಎದುರು ಆಣೆ ಮಾಡಿ ಹೇಳಿದ. ಅವರು ಕೇಳಲಿಲ್ಲ. ಕಬ್ಬಿಣ ಕೊಳ್ಳಲು ಕೂತವನೇ ಸಾಕ್ಷಿ ಹೇಳಿದರೆ ಯಾರು ನಂಬುತ್ತಾರೆ ಎಂದರು. ಹರ್ತಿಯ ಜನ ಬಂದು ಬೇಲಿ ಅಲ್ಲಿತ್ತು ಎಂದು ಹೇಳಬಲ್ಲರು, ಎಲ್ಲಿಂದ ಬಂತು ಎಂದು ಹೇಳಲಾರರು. ಕೊಂಡವನು ಬರಲಿ, ಅವನು ರೈಲಿನ ಮನುಷ್ಯ, ಅವನ ಮಾತನ್ನು ಕೇಳುತ್ತೇವೆ ಎಂದಿದ್ದಾರೆ. ಹೊರಗೆ ಬಂದ ಮೇಲೆ ಲಾಡಸಾಬ ಹಣೆ ಹಣೆ ಬಡಿದುಕೊಂಡ. "ಯಕ್ಕಾ, ಶನಿವಾರ ಕಬ್ಬಿಣ ಬ್ಯಾಡ ಅಂದಿ, ಒಪ್ಪಿದೆ. ಭಾನುವಾರ ಒಂದ 'ಹೌದು' ಅನ್ನಾಕ ನಿನಗ ಯಾವ ಶಾಸ್ತ್ರ ಅಡ್ಡ ಬಂತ?" ಎಂದ. 

ನಿನ್ನೆ ಮೈಲಾರಪ್ಪನನ್ನು ಗದಗಿನ ಕೋರ್ಟಿಗೆ ಕರೆದೊಯ್ದು, ಶುಕ್ರವಾರದ ತನಕ ಇಟ್ಟುಕೊಳ್ಳಲು ಅಪ್ಪಣೆ ಪಡೆದು ತಂದರು. ಶುಕ್ರವಾರ ಹುಬ್ಬಳ್ಳಿಗೆ ಕಳಿಸುತ್ತಾರಂತೆ. ಅಲ್ಲಿಗೆ ಹೋದರೆ ತನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಹೇಳಿದ್ದಾರೆ. ಓಣಿಯ ಹೆಂಗಸರು ನಲ್ಲಿಯ ಹತ್ತಿರ ನನಗೆ ಜಾಗ ಬಿಡುತ್ತಾರೆ, ಮಾತು ನಿಲ್ಲಿಸುತ್ತಾರೆ. ಅಂಡಿಗೆ ಹೇರಿಸುತ್ತಿದ್ದ ಸಾಹುಕಾರ ಬೇರೆ ಚಕ್ಕಡಿ ಗೊತ್ತು ಮಾಡಿಕೊಂಡ. ಮುತ್ತವ್ವ ಗೋಡೆಗೆ ಮುಖ ಮಾಡಿ ಮಲಗಿದವಳು ಎದ್ದಿಲ್ಲ. ಗಂಜಿ ಕುಡಿಸಲು ಹೋದರೆ "ಅತ್ತಿ, ನೀವರ ಉಣ್ರಿ, ಉಪಾಸ ನಿಮಗಷ್ಟ ಅಲ್ಲ, ನನಗೂ ಬರತೈತಿ" ಎಂದಳು. ಆ ಹುಡುಗಿ ಎಂದೂ ನನಗೆ ಹಾಗೆ ಎದುರಾಡಿದವಳಲ್ಲ. ನಿನ್ನೆಯಿಂದ ಕೂಸು ಹೊರಳಾಡುವುದು ಕಡಿಮೆಯಾಗಿದೆ ಎಂದು ಪಕ್ಕದ ಮನೆಯವಳ ಮುಂದೆ ಹೇಳಿದಳಂತೆ, ನನ್ನ ಮುಂದೆ ಹೇಳಲಿಲ್ಲ. ದೇವರ ಮುಂದೆ ಕೂತರೆ ನನಗೆ ಮಂತ್ರ ಮರೆತುಹೋಗುತ್ತದೆ, ಸರಳಿನ ಹಿಂದಿನ ಮುಖ ಮಾತ್ರ ಕಾಣುತ್ತದೆ.

ಅವ್ವ ಸತ್ತಾಗ ನೀನು ನಡೆಯಲು ಕಲಿತಿದ್ದೆಯಷ್ಟೆ. ಆಮೇಲೆ ನಿನ್ನನ್ನು ಹರ್ತಿಯ ಶಾಲೆಗೆ ಹೊತ್ತುಕೊಂಡು ಹೋಗಿ, ನೀನು ಅಳಬಾರದೆಂದು ಕಟ್ಟೆಯ ಮೇಲೆ ಕೂತು ಕೂತು ನಾನೂ ಅಕ್ಷರ ಕಲಿತೆ. ಇದನ್ನು ನಿನಗೆ ಋಣ ನೆನಪಿಸಲು ಬರೆಯಲಿಲ್ಲ. ಆ ಅಕ್ಷರದಲ್ಲೇ ಈ ಕಾಗದ ಬರೆಯುತ್ತಿದ್ದೇನೆ, ಬೇರೆ ಯಾರ ಕೈಯಲ್ಲೂ ಬರೆಸಲಿಲ್ಲ, ಆದ್ದರಿಂದ ಹೇಳಿದೆ. ನಿನಗೆ ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಅದನ್ನು ನನ್ನ ಮೇಲೆಯೇ ಇಟ್ಟುಕೋ. ನನ್ನ ಪಟ್ಟಿ ಹೊಲ ಬೇಕಾದರೆ ತೆಗೆದುಕೋ, ಎಲ್ಲಿ ಹೆಬ್ಬೆಟ್ಟು ಎಂದರೆ ಅಲ್ಲಿ ಹೆಬ್ಬೆಟ್ಟು, ಎಲ್ಲಿ ಸಹಿ ಎಂದರೆ ಅಲ್ಲಿ ಸಹಿ. ಕಿತ್ತ ಬೇಲಿ ಮತ್ತೆ ಬೇಕೆಂದರೆ ನಾನೇ ಗುಂಡಿ ತೋಡುತ್ತೇನೆ. ಗುರುವಾರ ಸಂಜೆಯೊಳಗೆ ನೀನು ಗದಗ ಸ್ಟೇಷನ್ನಿನಲ್ಲಿ ಇಳಿ. ಹರಾಜಿನ ಚೀಟಿ ಉಳಿದಿದ್ದರೆ ಅದನ್ನೂ ತಾ. ಹರಾಜಿನಲ್ಲಿ ಕೊಂಡದ್ದು ಹೌದು ಎಂದು ಹೇಳು, ಅದು ಖರೆ ಮಾತು, ಅದನ್ನು ಹೇಳಲು ಯಾರಿಗೂ ಅಂಜಬೇಕಿಲ್ಲ. ಇನ್ಸ್‌ಪೆಕ್ಟರ್ ಎರಡನೆಯ ಪ್ರಶ್ನೆ ಕೇಳುತ್ತಾರೆ, ಅಳಿಯನಿಗೆ ನೀನೇ ಕೊಟ್ಟೆಯೋ ಎಂದು. ಅದಕ್ಕೆ ಏನು ಹೇಳಬೇಕು ಎಂದು ನಾನು ಬರೆಯಲಾರೆ. ಸುಳ್ಳು ಹೇಳು ಎಂದು ತಮ್ಮನಿಗೆ ಹೇಳಿಕೊಡುವ ಕೈ ನನ್ನದಲ್ಲ. ನಿನ್ನ ಮನಸ್ಸಿಗೆ ಬಂದದ್ದು ಹೇಳು.

ಮಕ್ಕಳಿಗೆ ಮುತ್ತು ಹೇಳು. ನಿನಗೂ ರಾಮವ್ವನಿಗೂ ಹನುಮಪ್ಪ ಆಯುಷ್ಯ ಕೊಡಲಿ, ನಿನ್ನ ಮನೆಯ ದೀಪ ತಂಪಾಗಿ ಉರಿಯಲಿ, ಯಾವ ತಾಯಿಯೂ ನಾನು ಕೂತ ಬೆಂಚಿನ ಮೇಲೆ ಕೂಡದಿರಲಿ.

ನಿನ್ನ ಅಕ್ಕ,
ಅಮೃತವ್ವ

ತಾ.ಕ.: ಯಮನೂರಪ್ಪ ಬಾಗಿಲಲ್ಲಿ ನಿಂತು "ಗಾಡಿ ಬಿಡತೈತಿ, ಜಲ್ದಿ ಕೊಡ್ರಿ" ಎನ್ನುತ್ತಿದ್ದಾನೆ. ಪುಂಡಲೀಕಾ, ಮೇಲೆ ಕಡೆಗೆ ಬರೆದದ್ದನ್ನು ಬಿಟ್ಟುಬಿಡು. ಇದನ್ನು ಓದಿದ ಕೂಡಲೇ, ಚಪ್ಪಲಿ ಮೆಟ್ಟುವ ಮೊದಲು, ದೇವರ ಮುಂದೆ ನಿಂತು ರಾಮವ್ವನಿಗೆ ಕೇಳುವ ಹಾಗೆ "ಬೇಲಿ ಮೈಲಾರಪ್ಪಗ ಕೊಟ್ಟೆ" ಎಂದು ಗಟ್ಟಿಯಾಗಿ ಹೇಳು. ಹೇಳಿದರೆ ಕೊಟ್ಟ ಹಾಗೆಯೇ. ಆಮೇಲೆ ಇಲ್ಲಿ ಬಂದು ಕೊಟ್ಟಿದ್ದೇನೆ ಎಂದರೆ ಅದು ಸುಳ್ಳಾಗುವುದಿಲ್ಲ. ಯಾವಾಗ ಕೊಟ್ಟೆ ಎಂದು ಇನ್ಸ್‌ಪೆಕ್ಟರ್ ಕೇಳಿದರೆ, ಕೀಳುವ ಮೊದಲೇ ಕೊಟ್ಟಿದ್ದೆ, ಅಕ್ಕನಿಗೆ ಗೊತ್ತಿರಲಿಲ್ಲ ಎನ್ನು. ಅದು ಸುಳ್ಳು. ಹೇಳಿಸಿದವಳು ನಾನು, ಅದರ ಪಾಪ ನನ್ನ ಲೆಕ್ಕಕ್ಕೆ ಬರೆದುಕೋ ಎಂದು ಈಗಷ್ಟೇ ಹನುಮಪ್ಪನ ಎದುರು ನಿಂತು ಹೇಳಿ ಬಂದಿದ್ದೇನೆ. ನೀನು ಅಂಜಬೇಡ. ಬಂದು ಹೇಳು.