ಗೆರೆಯ ಹೊರಗೆ ಕಂಡ ಕಡಲಹಸು

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ ಅಮ್ಮನ ಮುದ್ದು.

ಎರಡು ಕೋಣೆಯ ಮನೆಯಲ್ಲಿ ನಿನ್ನಪ್ಪನ ಕಿವಿಗೆ ಬೀಳದಂತೆ ಫೋನಿನಲ್ಲಿ ಮಾತಾಡುವುದು ನನ್ನಿಂದಾಗದು. ಅವರು ಬಲೆ ಸರಿಮಾಡಲು ಬಂದರಿಗೆ ಹೋಗಿದ್ದಾರೆ. ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ಬಲೆ ಹರಿದದ್ದು ಬಂಡೆಗೆ ಸಿಕ್ಕಿ ಅಂದಿದ್ದೆನಲ್ಲ, ಹಾಗಲ್ಲ. ಅಪ್ಪನೇ ಚಾಕು ಹಾಕಿ ಕೊಯ್ದರು.

ನಿನ್ನ ಆಫೀಸಿನವರು ಕಡಲಹಸುಗಳನ್ನು ಉಳಿಸಲೆಂದು ನಕ್ಷೆಯಲ್ಲಿ ಗೆರೆ ಎಳೆದು, ಅದರೊಳಗೆ ಮೀನು ಹಿಡಿಯಬಾರದು ಅಂದ ದಿನದಿಂದ ಅಪ್ಪನಿಗೆ ನಿನ್ನ ಮೇಲೆ ಮುನಿಸು. ಹೆತ್ತ ಮಗಳೇ ನೀರಿಗೆ ಬೇಲಿ ಹಾಕಿದಳು ಎಂದು ನಿನ್ನ ಚಿಕ್ಕಪ್ಪನ ಮುಂದೆ ಗೊಣಗುತ್ತಿರುತ್ತಾರೆ. ಹಾಗಂತ ಒಂದು ದಿನವೂ ಗೆರೆ ದಾಟಿದವರಲ್ಲ. ಹೊರಗೆ ನಮಗೂ ಚಿಕ್ಕಪ್ಪನಿಗೂ ಉಳಿದಿರುವ ಜಾಗದಲ್ಲೇ ಬಲೆ ಬಿಡುತ್ತಾರೆ.

ಬಲೆ ಕೊಯ್ದ ದಿನ ದೋಣಿಯಲ್ಲಿ ನಾನೂ ಇದ್ದೆ. ಆಳು ಬಿಟ್ಟ ಮೇಲೆ ನಾನೇ ಜೊತೆಗೆ ಹೋಗುತ್ತಿದ್ದೇನೆ, ಬೈಯಬೇಡ. ಬಲೆ ಎಳೆದಷ್ಟೂ ಭಾರ. ಅಪ್ಪನ ಮುಖ ಅರಳಿತು. ಅಷ್ಟರಲ್ಲಿ ನೀರೊಳಗೆ ಬೂದುಬಣ್ಣದ ದೊಡ್ಡ ಮೈ ಹೊರಳಿತು. ಕಡಲಹಸು! ಬಾಲಕ್ಕೂ ಮೈಗೂ ಬಲೆ ಸುತ್ತಿಕೊಂಡು, ತಲೆ ಎತ್ತಲಾಗದೆ ಒದ್ದಾಡುತ್ತಿತ್ತು. ನಮ್ಮ ಹಾಗೆ ಅದಕ್ಕೂ ಗಾಳಿ ಬೇಕು ಎಂದು ನೀನೇ ಹೇಳಿದ್ದೆ. ಮರಿಯೊಂದು ತಾಯಿಯನ್ನು ಬಿಟ್ಟು ಹೋಗಲಾರದೆ ಸುತ್ತುತ್ತಿತ್ತು.

ಅಪ್ಪ ಉಟ್ಟ ಬಟ್ಟೆಯಲ್ಲೇ ಇಳಿದರು. ಬಾಲದ ಒಂದು ಏಟು ಬಿದ್ದಿದ್ದರೆ ಪಕ್ಕೆಲುಬು ಉಳಿಯುತ್ತಿರಲಿಲ್ಲ. ನಾನು ಬಲೆಯ ಹಗ್ಗ ಜಗ್ಗಿ ಹಿಡಿದೆ, ಅಂಗೈ ಸುಲಿದುಹೋಯಿತು.

"ಬಿಡಬೇಡ ಕಣೇ, ಅದರ ಮೂಗು ನೀರಿಂದ ಮೇಲಿರ್ಲಿ" ಅನ್ನುತ್ತಲೇ ಹೊಚ್ಚಹೊಸ ಬಲೆಯನ್ನು ಕೊಯ್ದು ಹಾಕಿದರು. ಕೊನೆಗೆ ಅದು ಜೋರಾಗಿ ಉಸಿರು ಬಿಟ್ಟಿತು, ಥೇಟ್ ಹೆಂಗಸರ ನಿಟ್ಟುಸಿರು. ಮರಿಯನ್ನು ಪಕ್ಕಕ್ಕೆ ಸೇರಿಸಿಕೊಂಡು ಮುಳುಗಿತು.

ದಡ ಹತ್ತಿರವಾದಾಗ ಅಪ್ಪ ಅಂದರು: "ಅವಳಿಗೆ ಹೇಳ್ಬೇಡ. ಮರಿ ಸಾಕೋ ಜಾಗ ಅಂತ ಗೊತ್ತಾದ್ರೆ ಗೆರೆ ಇಲ್ಲಿಗೂ ಬರುತ್ತೆ. ಆಮೇಲೆ ನಾವೆಲ್ಲಿಗೆ ಹೋಗೋದು?"

ಅವರದು ತಪ್ಪು ಅನ್ನಲಾರೆ. ಆ ಜಾಗ ಬಿಟ್ಟರೆ ಉಳಿದದ್ದೆಲ್ಲ ಆಳದ ನೀರು, ನಮ್ಮ ಪುಟ್ಟ ದೋಣಿಗೆ ಒಗ್ಗುವಂಥದ್ದಲ್ಲ. ಆದರೆ ನಾಳೆ ಯಾರದೋ ಬಲೆಗೆ ಅದೇ ತಾಯಿ ಬಿದ್ದರೆ, ನೀರಿಗೆ ಇಳಿಯುವವರು ಯಾರೂ ಇಲ್ಲದಿದ್ದರೆ? ಮರಿ ಹಾಕಿದ ಕಡಲಹಸುಗಳು ಎಲ್ಲಿವೆ ಎಂದು ನೀವು ಹುಡುಕುತ್ತಿರುವುದು ನನಗೆ ಗೊತ್ತು. ಆದರೂ ಜಾಗ ಬರೆಯಲಾರೆ. ಹೇಳುವುದಿಲ್ಲ ಎಂದು ಅಪ್ಪನಿಗೆ ಕೊಟ್ಟ ಮಾತನ್ನು ಅರ್ಧ ಮುರಿದಾಗಿದೆ, ಇನ್ನರ್ಧವಾದರೂ ಉಳಿಯಲಿ.

ಅಪ್ಪನಿಗೆ ಕಡಲಿನ ಜೀವಗಳ ಮೇಲೆ ಕನಿಕರವೇ ಇಲ್ಲ ಎಂದು ಹೋದ ಸಲ ಬಂದಾಗ ನೀನು ಬಾಗಿಲಲ್ಲಿ ನಿಂತು ಹೇಳಿ ಹೋದೆ. ಆ ಮಾತು ನಿನ್ನೊಳಗೆ ಉಳಿಯಬಾರದು. ಅದಕ್ಕೇ ಇಷ್ಟು ಬರೆದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದುಬಿಟ್ಟರು. ನನ್ನ ಮುಖ ನೋಡಿದ್ದೇ ಕಾಗದಕ್ಕೆ ಕೈ ಚಾಚಿದರು. ನಿಂತೇ ಓದಿದರು. ಬಯ್ಯುತ್ತಾರೆಂದುಕೊಂಡೆ, ಕುರ್ಚಿ ಎಳೆದುಕೊಂಡು ಕೂತರು. ಬಲೆಯ ನೆಪ ಹೇಳಿ ಈ ವಾರವೆಲ್ಲ ಒಬ್ಬರೇ ದೋಣಿ ತೆಗೆದುಕೊಂಡು ಅಲ್ಲಿಗೇ ಹೋಗುತ್ತಿದ್ದರಂತೆ, ತಾಯಿ ಮರಿಯನ್ನು ನೋಡಲು. ಆ ಕಡೆ ಬಲೆ ಬಿಡಬೇಡ ಎಂದು ಚಿಕ್ಕಪ್ಪನನ್ನೂ ಕೇಳಿಕೊಂಡಿದ್ದಾರಂತೆ, ಅವನು ಗೊಣಗುತ್ತಲೇ ಒಪ್ಪಿದ್ದಾನೆ. ಈಗ ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಬಂದು ನೋಡ್ಲಿ, ನಾನೇ ತೋರಿಸ್ತೀನಿ. ಗೆರೆ ಎಳೀಲಿ, ಬೇಡ ಅನ್ನಲ್ಲ. ಆದ್ರೆ ಎಲ್ಲಿ ಎಳೀಬೇಕು, ನಾವು ಹೇಗೆ ಬದುಕಬೇಕು ಅನ್ನೋದನ್ನ ನನ್ನ ಜೊತೆ ಕೂತು ಮಾತಾಡಿ ಎಳೀಲಿ."